ಗಟ್ಟಿ ಲೋಹಕ್ಕೆ ಮೆತ್ತನೆ ವೀಲ್: ನನ್ನ ಅನುಭವ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅಚ್ಚು, ಉಪಕರಣ ತಯಾರಿಸುವ ಟೂಲ್‌ರೂಮ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಲೋಹ ಕಡಿಯುವ ಗ್ರೈಂಡಿಂಗ್ ವೀಲ್ (ಸಾಣೆ ಚಕ್ರ) ಎಲ್ಲ ಒಂದೇ. ಕೈಗೆ ಸಿಕ್ಕಿದ್ದನ್ನು ಹಾಕಿ ಶುರು ಮಾಡುತ್ತಿದ್ದೆ. ಒಂದು ದಿನ ಹಾರ್ಡನಿಂಗ್ ಆಗಿ ಬಂದ ಡಿ2 ಎಂಬ ಟೂಲ್ ಉಕ್ಕಿನ ಪ್ಲೇಟನ್ನು ಮೇಲ್ಮೈ ಸಮ ಮಾಡುವ ಸರ್ಫೇಸ್ ಗ್ರೈಂಡರ್‌ಗೆ ಹಚ್ಚಿದೆ. ಲೋಹ ಗಟ್ಟಿ, ವೀಲೂ ಗಟ್ಟಿ ಇರಲಿ ಅಂತ ಬೂದು ಬಣ್ಣದ ಎಂ ಗ್ರೇಡ್ ವೀಲ್ ಹಾಕಿದ್ದೆ. ಸ್ವಲ್ಪ ಹೊತ್ತಿಗೇ ಪ್ಲೇಟ್ ಮೇಲೆ ಕಂದು, ನೀಲಿ ಕಲೆ. ಒರೆಸಿ ನೋಡಿದರೆ ಕೂದಲೆಳೆಯಂಥ ಬಿರುಕು.

"ತಮ್ಮಾ, ಕಡಿಯೂದು ಬಿಟ್ಟು ತಿಕ್ಕಾಕತ್ತೀಯಲ್ಲೋ" ಅಂದರು ಹಿರಿಯ ಫಿಟ್ಟರ್ ಕಾಕಾ.

ನಿಜ. ಗ್ರೇಡ್ ಅಂದರೆ ವೀಲಿನಲ್ಲಿ ಲೋಹ ಕಡಿಯುವ ಹರಳಿನ ಗಟ್ಟಿತನ ಅಲ್ಲ, ಹರಳನ್ನು ಹಿಡಿದಿರುವ ಅಂಟಿನ ಬಿಗಿ. ಗಟ್ಟಿ ಲೋಹದ ಮೇಲೆ ಹರಳು ಬೇಗ ಮೊಂಡಾಗುತ್ತದೆ, ಆಗ ಅದು ಉದುರಿ ಕೆಳಗಿನ ಚೂಪು ಹರಳು ಮೇಲೆ ಬರಬೇಕು, ಅಂಟು ಬಿಗಿಯಾಗಿದ್ದರೆ ಮೊಂಡು ಹರಳೇ ಕೂತು ಸುಮ್ನೆ ಉಜ್ಜಿ ಶಾಖ ಏರಿಸುತ್ತದೆ. ಮುಂದಿನ ಪ್ಲೇಟಿಗೆ ಬಿಳಿ ಅಲ್ಯೂಮಿನಿಯಂ ಆಕ್ಸೈಡ್, 46 ಗ್ರಿಟ್ (ಹರಳಿನ ಗಾತ್ರ), ಎಂಗಿಂತ ಮೆತ್ತನೆಯ ಎಚ್ ಗ್ರೇಡ್ ಹಾಕಿದೆ. ಡೈಮಂಡ್ ಡ್ರೆಸ್ಸರ್‌ನಿಂದ ಡ್ರೆಸ್ ಮಾಡಿ (ವೀಲಿನ ಮೇಲ್ಪದರ ಕೆರೆದು ಚೂಪು ಹರಳು ಹೊರಗೆ ತಂದು), ತಂಪು ಮಾಡುವ ಕೂಲಂಟ್ ಜಾಸ್ತಿ ಬಿಟ್ಟು, ಕಟ್ ಕಡಿಮೆ ಕೊಟ್ಟೆ. ಕಲೆ ಬರಲಿಲ್ಲ. ಮೆತ್ತನೆಯ ಉಕ್ಕಾದ ಮೈಲ್ಡ್ ಸ್ಟೀಲ್, ಅಂದರೆ ಎಂಎಸ್‌ಗೆ ಮಾತ್ರ ಇದು ಉಲ್ಟಾ, ಬೂದು ವೀಲ್, ಬಿಗಿ ಗ್ರೇಡೇ ನಡೆಯುತ್ತದೆ.

ನಮ್ಮ ಕಡೆ ಫೌಂಡ್ರಿ ಜಾಸ್ತಿ, ಬೀಡಿನ (ಎರಕದ ಕಬ್ಬಿಣದ) ಕೆಲಸ ಬರುತ್ತಲೇ ಇರುತ್ತದೆ. ಅದಕ್ಕೆ ಕಪ್ಪು ಸಿಲಿಕಾನ್ ಕಾರ್ಬೈಡ್. ತುದಿಗೆ ಗಟ್ಟಿ ಕಾರ್ಬೈಡ್ ತುಂಡು ಕೂರಿಸಿದ ಕಾರ್ಬೈಡ್ ಟಿಪ್ ಟೂಲಿಗೆ ಹಸಿರು ವೀಲ್, ಆದರೆ ಬಿಸಿ ಟಿಪ್ಪನ್ನು ನೀರಿಗೆ ಅದ್ದಬೇಡಿ, ಸೀಳುತ್ತದೆ. ಅಲ್ಯೂಮಿನಿಯಂ ತುಂಡನ್ನಂತೂ ಉಕ್ಕಿಗೆ ಬಳಸುವ ವೀಲಿಗೆ ತಾಗಿಸಲೇಬೇಡಿ. ಹರಳಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ, ಆಮೇಲೆ ವೀಲ್ ಕಾದು ಒಡೆಯಲೂಬಹುದು.

ಸ್ಪೀಡಿನ ವಿಷಯದಲ್ಲಿ ಎಲ್ಲರೂ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಆರ್‌ಪಿಎಂ ಮಾತ್ರ ನೋಡುತ್ತಾರೆ, ಅಂಚಿನ ವೇಗ ಮರೆಯುತ್ತಾರೆ. ನಮ್ಮ ಪೆಡೆಸ್ಟಲ್ ಗ್ರೈಂಡರ್ 2880 ಆರ್‌ಪಿಎಂ. ಹೊಸ 200 ಎಂಎಂ ವೀಲಿನ ಅಂಚು ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತದೆ, ಸವೆದು 150 ಎಂಎಂ ಆದಾಗ 22.6 ಮೀಟರ್. ಅದಕ್ಕೇ ಹಳೇ ವೀಲ್ ಮೆತ್ತಗಾದ ಹಾಗೆ ಬೇಗ ಉದುರುತ್ತದೆ. ಹಾಗಂತ ವೇಗ ಹೆಚ್ಚಿಸಿ, ಆ ಮಷೀನಿಗೇ ಹೊಸ ದೊಡ್ಡ ವೀಲ್ ಹಾಕಿದರೆ ಕತೆ ಮುಗಿಯಿತು ಅಲ್ವಾ! ಲೇಬಲ್ ಮೇಲಿನ ಗರಿಷ್ಠ ಆರ್‌ಪಿಎಂ ಮೀರಬಾರದು.

ಗಾಜಿನಂಥ ಅಂಟಿನ ವಿಟ್ರಿಫೈಡ್ ವೀಲ್ ಹಾಕುವ ಮುಂಚೆ ಬೆರಳಿಗೆ ತೂಗಿಸಿ ಕಟ್ಟಿಗೆ ಹಿಡಿಕೆಯಿಂದ ಮೆಲ್ಲಗೆ ತಟ್ಟುತ್ತೇನೆ. ಠಣ್ ಅನ್ನದೆ ಬೊದ್ದು ಸದ್ದು ಬಂದರೆ ಗುಜರಿಗೆ. ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸುತ್ತೇನೆ.