ಮಾವಿನ ಚಿಗುರು ಹಸಿರಲ್ಲ

ನಾನು ಮೂಡಿಗೆರೆ ಕಡೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಸೀಸನ್‌ವಾಚ್ ಅಂತ, ಜನಸಾಮಾನ್ಯರೇ ಮರಗಳನ್ನು ಗಮನಿಸಿ ಮಾಹಿತಿ ಕೊಡುವ ಒಂದು ಯೋಜನೆ ಇದೆ. ಅದಕ್ಕೆ ನಾವು ಮಾಹಿತಿ ಕೊಡಲು ಶುರು ಮಾಡಿದ್ದು ನಮ್ಮ ವಿಜ್ಞಾನದ ಟೀಚರ್ ಒತ್ತಾಯಕ್ಕೆ. ಕೆಲಸ ಸುಲಭ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದನ್ನೇ ನೋಡಬೇಕು. ಚಿಗುರು, ಬಲಿತ ಎಲೆ, ಹೂವು, ಕಾಯಿ ಎಷ್ಟಿವೆ? ಇಲ್ಲ, ಸ್ವಲ್ಪ, ಜಾಸ್ತಿ ಅಂತ ಗುರುತು ಹಾಕಿದರೆ ಮುಗಿಯಿತು. ದೇಶದ ಬೇರೆ ಬೇರೆ ಊರುಗಳಿಂದ ವರ್ಷಗಟ್ಟಲೆ ಹೀಗೆ ಸೇರಿದ ಗುರುತುಗಳಿಂದ, ಮರಗಳು ಹೂ ಬಿಡುವ ಕಾಲ ಹಿಂದೆ ಮುಂದೆ ಆಗುತ್ತಿದೆಯಾ ಅಂತ ತಿಳಿಯಬಹುದು.

ಮೂರನೇ ವಾರಕ್ಕೇ ಮಕ್ಕಳು ಮರದ ಹತ್ತಿರ ಹೋಗದೆ ಕ್ಲಾಸಿನಲ್ಲೇ ಕೂತು ಗುರುತು ಹಾಕತೊಡಗಿದರು. ಸುಮ್ನೆ ಟಿಕ್ ಹಾಕೋದು ಯಾರಿಗೆ ಇಷ್ಟ, ಅಲ್ವಾ? ಟಿಕ್ ಆಮೇಲೆ, ಮೊದಲು ಒಂದು ಕೊಂಬೆಯ ಚಿತ್ರ ಬರೆದು ತನ್ನಿ ಅಂದೆ. ಪ್ರತಿ ಶುಕ್ರವಾರ ಅದೇ ಕೊಂಬೆ. ಗುರುತಿಗೆ ಕೆಂಪು ದಾರ ಕಟ್ಟಿಸಿದೆ.

ಮೊದಲ ಚಿತ್ರಗಳನ್ನು ನೋಡಿ ತಲೆ ಚಚ್ಚಿಕೊಂಡೆ. ಎಲ್ಲರ ಮಾವಿನ ಚಿಗುರೂ ಗಿಳಿಹಸಿರು! ಹೊರಗೆ ಮರದಲ್ಲಿ ನೋಡಿದರೆ ಡಿಕಾಕ್ಷನ್‌ಗೆ ಚೂರೇ ಚೂರು ಹಾಲು ಬಿಟ್ಟ ಬಣ್ಣ. ಎಲೆ ಅಂದರೆ ಹಸಿರು ಅಂತ ಕಲಿಸಿದವರೂ ನನ್ನಂಥ ಮೇಷ್ಟ್ರುಗಳೇ, ಬಿಡಿ. ಕ್ರೇಯಾನ್ ಡಬ್ಬಿಯಲ್ಲಿ ಆ ಬಣ್ಣವೇ ಇರಲಿಲ್ಲ. ಕಂದು, ಕೆಂಪು, ಹಳದಿ ಒಂದರ ಮೇಲೊಂದು ತಿಕ್ಕಿ, ಒಂದು ಚಿಗುರೆಲೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ ಮಾಡಿಕೊಂಡೆವು. ಅದಕ್ಕೇ ಒಂದು ಪೂರ್ತಿ ಪಿರಿಯಡ್ ಹೋಯಿತು.

ಹಲಸಿನದು ಇನ್ನೂ ಮಜಾ. 'ಸಾರ್, ಗುಜ್ಜೆ ಎಲ್ಲ ಕಪ್ಪಾಗಿ ಉದುರ್ತಿದೆ, ರೋಗ ಬಂದಿದೆ' ಅಂತ ಏಳನೇ ಕ್ಲಾಸಿನ ಹುಡುಗಿ ಓಡಿ ಬಂದಳು. ಅವಳ ಚಿತ್ರ ನೋಡಿದರೆ, ಉದುರಿದವುಗಳ ತೊಟ್ಟು ಸಣ್ಣ, ಮರದಲ್ಲಿ ಉಳಿದವುಗಳದ್ದು ದಪ್ಪ. ಅವಳಿಗೆ ಕಾರಣ ಗೊತ್ತಿರಲಿಲ್ಲ, ಕಂಡ ಹಾಗೆ ಬರೆದಿದ್ದಳು ಅಷ್ಟೇ. ವಿಜ್ಞಾನದ ಟೀಚರ್ ನೋಡಿದ ಕೂಡಲೇ ನಕ್ಕರು. ಉದುರುವುದು ಗಂಡು ಹೂಗೊಂಚಲು. ಪರಾಗ ಚೆಲ್ಲಿದ ಮೇಲೆ ಕಪ್ಪಾಗಿ ಬಿದ್ದುಹೋಗುತ್ತದೆ. ದಪ್ಪ ತೊಟ್ಟಿನದು ಹೆಣ್ಣು, ಹಣ್ಣಾಗುವುದು ಅದು. ನಾವೋ, ಅಲ್ಲಿಯವರೆಗೆ ಎರಡನ್ನೂ ಸೇರಿಸಿ 'ಕಾಯಿ ಜಾಸ್ತಿ' ಅಂತ ಹಾಕಿಬಿಟ್ಟಿದ್ದೆವು! ಹಳೆಯ ಚಿತ್ರಗಳನ್ನು ಹರಡಿಕೊಂಡು, ತೊಟ್ಟು ನೋಡಿ ನೋಡಿ ಗುರುತುಗಳನ್ನು ತಿದ್ದಿದೆವು. ಬರೀ ಟಿಕ್ ಇದ್ದಿದ್ದರೆ ಏನಂತ ತಿದ್ದುವುದು?

ಚಿತ್ರದಿಂದ ಕಾಟವೂ ಇದೆ. ಚೆಂದ ಕಾಣಲಿ ಅಂತ ಒಬ್ಬ ಇಲ್ಲದ ಹೂವು, ಇಲ್ಲದ ಹಕ್ಕಿ ಸೇರಿಸುತ್ತಿದ್ದ. ಚೆನ್ನಾಗಿ ಬರೆಯುವವರದೇ ಈ ಚಾಳಿ ಜಾಸ್ತಿ. ಹಾಳೆಯ ಹಿಂಬದಿಯನ್ನು ಅವರಿಗೆ ಬಿಟ್ಟುಕೊಟ್ಟೆ. ಮುಂದೆ ಕಂಡದ್ದು, ಹಿಂದೆ ಮನಸ್ಸಿಗೆ ಬಂದದ್ದು. ನಿಜ ಹೇಳಬೇಕೆಂದರೆ ನಾನು ಮೊದಲು ತಿರುಗಿಸಿ ನೋಡುವುದು ಹಿಂಬದಿಯನ್ನೇ.

ಜುಲೈನಲ್ಲಿ ವಾಟರ್‌ಕಲರ್ ಒಣಗುವ ಮಾತೇ ಇಲ್ಲ, ಪೆನ್ಸಿಲ್ಲೇ ಗತಿ. ಹಾಳೆಗಳಿಗೆಲ್ಲ ಬೂಷ್ಟು ಹತ್ತಿತು. ಬಿಸಿಯೂಟದ ಅಡುಗೆಯಕ್ಕ ಬೈದುಕೊಂಡೇ ಇಡೀ ಕಟ್ಟನ್ನು ಎತ್ತಿಕೊಂಡು ಹೋಗಿ ಅಡುಗೆಕೋಣೆಯಲ್ಲಿ ದಾರ ಕಟ್ಟಿ ನೇತುಹಾಕಿದರು. ಈಗ ನಮ್ಮ ಚಿತ್ರಗಳಿಗೆಲ್ಲ ಸಾಂಬಾರಿನ ಒಗ್ಗರಣೆ ವಾಸನೆ.