ವೈಡ್ ಗ್ಯಾಮಟ್ ಮಾನಿಟರ್‌ನಲ್ಲಿ ಬಣ್ಣ ಸರಿಯಾಗಿ ಕಾಣಬೇಕಾದರೆ

ಸಾಮಾನ್ಯ ಮಾನಿಟರ್‌ಗಿಂತ ಗಾಢ ಬಣ್ಣ ತೋರಿಸುವ ಹೊಸ ವೈಡ್ ಗ್ಯಾಮಟ್ ಮಾನಿಟರ್ ಹಾಕಿದ ಮೊದಲ ದಿನ ಫೋಟೋಗಳೆಲ್ಲ ಫಳಫಳ ಅನ್ನುತ್ತವೆ. ಎರಡನೇ ದಿನ ಗೊತ್ತಾಗುತ್ತದೆ, ಮುಖಗಳು ಬಿಸಿಲಿಗೆ ಕೆಂಪಾದ ಹಾಗಿವೆ, ಹುಲ್ಲು ಕಣ್ಣಿಗೆ ಚುಚ್ಚುತ್ತಿದೆ. ಮಾನಿಟರ್ ಕೆಟ್ಟಿಲ್ಲ. ಹೆಚ್ಚಿನ ಫೋಟೋಗಳು ಎಸ್‌ಆರ್‌ಜಿಬಿ ಅನ್ನುವ ಮಾಮೂಲಿ ಬಣ್ಣದ ಮಾನದಂಡದ ಲೆಕ್ಕದಲ್ಲಿರುತ್ತವೆ, ಈ ಮಾನಿಟರ್‌ನ ಕೆಂಪು, ಹಸಿರು ಅದಕ್ಕಿಂತ ಗಾಢ. ಫೈಲು ಕೆಂಪು 255, ಅಂದರೆ ಪೂರ್ತಿ ಕೆಂಪು, ಅಂತ ಹೇಳಿದರೆ ಮಾನಿಟರ್ ತನ್ನದೇ 255 ತೋರಿಸಿಬಿಡುತ್ತದೆ, ಅಷ್ಟೆ. ಸರಿ ಮಾಡಲು ಸ್ಕ್ರೀನಿನ ಬಣ್ಣ ಅಳೆಯುವ ಕಲರಿಮೀಟರ್ ಅನ್ನುವ ಸಾಧನ ಬೇಕೇ ಬೇಕು. ಕಣ್ಣಳತೆ ನಂಬಬೇಡಿ, ಕಣ್ಣು ಸ್ವಲ್ಪ ಹೊತ್ತಿಗೇ ಯಾವ ಬಿಳಿಗೂ ಹೊಂದಿಕೊಂಡುಬಿಡುತ್ತದೆ.

ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ನೈಟ್ ಲೈಟ್, ಡೈನಾಮಿಕ್ ಕಾಂಟ್ರಾಸ್ಟ್, ಎಚ್‌ಡಿಆರ್, ಕೋಣೆಯ ಬೆಳಕು ನೋಡಿ ತಾನೇ ಬ್ರೈಟ್‌ನೆಸ್ ಬದಲಿಸುವ ಸೆಟ್ಟಿಂಗ್, ಎಲ್ಲ ಆಫ್ ಮಾಡಿ. ಮೆನುವಿನಲ್ಲಿ ಕಸ್ಟಮ್ ಮೋಡ್ ಇಟ್ಟುಕೊಳ್ಳಿ. ಸಾಫ್ಟ್‌ವೇರ್‌ಗೆ ಡಿಸ್‌ಪ್ಲೇಕ್ಯಾಲ್ ಸಾಕು, ಉಚಿತವಾಗಿಯೇ ಸಿಗುತ್ತದೆ. ಗುರಿ ಹೀಗಿರಲಿ: ಬಿಳಿ ಡಿ65 (ಹಗಲಿನ ಬೆಳಕಿನಂಥ ಬಿಳಿ), ಗಾಮಾ 2.2 (ಕಪ್ಪು ಬಿಳಿಯ ನಡುವಿನ ಛಾಯೆಗಳು ಎಷ್ಟು ಗಾಢ ಅನ್ನುವ ಅಳತೆ), ಬ್ರೈಟ್‌ನೆಸ್ 120 ನಿಟ್ಸ್. ಕೋಣೆ ಮಬ್ಬಾಗಿದ್ದರೆ 100 ಅಥವಾ 80.

ಈಗ ಜಾಸ್ತಿ ಜನ ಬಿಟ್ಟುಬಿಡುವ ಹೆಜ್ಜೆ. ಕಲರಿಮೀಟರ್ ಒಳಗಿನ ಫಿಲ್ಟರ್‌ಗಳು ನಮ್ಮ ಕಣ್ಣಿನ ಹಾಗೇ ಬಣ್ಣ ನೋಡುವುದಿಲ್ಲ, ಆ ವ್ಯತ್ಯಾಸವನ್ನು ಸ್ಕ್ರೀನಿನ ಹಿಂದಿನ ಬೆಳಕಿಗೆ, ಅಂದರೆ ಬ್ಯಾಕ್‌ಲೈಟ್‌ಗೆ, ತಕ್ಕಂತೆ ಸರಿದೂಗಿಸಬೇಕು. ಸಾಮಾನ್ಯ ಬಿಳಿ ಎಲ್‌ಇಡಿಯ ಬೆಳಕು ಬೇರೆ, ಕ್ವಾಂಟಮ್ ಡಾಟ್‌ನ ಚೂಪಾದ ಕೆಂಪು, ಹಸಿರು ಬೇರೆ. ಕರೆಕ್ಷನ್ ಅನ್ನುವ ಪಟ್ಟಿಯಲ್ಲಿ ನಿಮ್ಮ ಮಾನಿಟರ್‌ನ ಬ್ಯಾಕ್‌ಲೈಟ್ ಯಾವುದು ಅಂತ ನೋಡಿಕೊಂಡು ಅದನ್ನೇ ಆರಿಸಿ. ನಾನು ಒಮ್ಮೆ ಇಲ್ಲಿ ಬಿಳಿ ಎಲ್‌ಇಡಿ ಅಂತಲೇ ಬಿಟ್ಟಿದ್ದೆ. ಕೊನೆಗೆ ರಿಪೋರ್ಟ್‌ನಲ್ಲಿ ಡೆಲ್ಟಾ ಇ (ಬಣ್ಣ ಎಷ್ಟು ತಪ್ಪಿದೆ ಅನ್ನುವ ಅಳತೆ) ಒಂದಕ್ಕಿಂತ ಕಡಿಮೆ, ಆದರೆ ಖಾಲಿ ಪುಟ ತೆರೆದರೆ ನಸುಗುಲಾಬಿ! ತಪ್ಪಾಗಿ ಅಳೆದ ಮೀಟರೇ ಪರೀಕ್ಷೆಯನ್ನೂ ಮಾಡುವುದು ಅಲ್ವಾ, ಅದಕ್ಕೆ ತನ್ನ ತಪ್ಪು ಕಾಣುವುದೇ ಇಲ್ಲ.

ಮೀಟರನ್ನು ಸ್ಕ್ರೀನಿನ ಮಧ್ಯೆ ಇಳಿಬಿಟ್ಟು, ಸ್ಕ್ರೀನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಆಗ ಅದು ಚೆನ್ನಾಗಿ ಅಂಟಿ ಕೂರುತ್ತದೆ. ಮೊದಲು ಬ್ರೈಟ್‌ನೆಸ್, ಆಮೇಲೆ ಮಾನಿಟರ್ ಮೆನುವಿನ ಕೆಂಪು, ಹಸಿರು, ನೀಲಿ ಗೇನ್ (ಆಯಾ ಬಣ್ಣದ ಪ್ರಮಾಣ) ಹೊಂದಿಸಿ. ಯಾವ ಬಣ್ಣ ಜಾಸ್ತಿ ಇದೆಯೋ ಅದನ್ನು ಇಳಿಸಿ, ಕಡಿಮೆ ಇರುವುದನ್ನು ಏರಿಸಲು ಹೋಗಬೇಡಿ. ಸಾಫ್ಟ್‌ವೇರ್ ತೋರಿಸುವ ಮೂರೂ ಬಣ್ಣದ ಪಟ್ಟಿಗಳು ಮಧ್ಯಕ್ಕೆ ಬಂದ ಮೇಲೆ ಉಳಿದದ್ದನ್ನು ಸಾಫ್ಟ್‌ವೇರೇ ಅಳೆದುಕೊಳ್ಳುತ್ತದೆ.

ಇಷ್ಟಾದರೂ ಮುಖಗಳು ಕೆಂಪಗೇ ಕಾಣಬಹುದು, ಗಾಬರಿ ಬೇಡ. ಇಲ್ಲಿವರೆಗೆ ಮಾಡಿದ ಹೊಂದಾಣಿಕೆ, ಅಂದರೆ ಕ್ಯಾಲಿಬ್ರೇಷನ್, ಸರಿ ಮಾಡುವುದು ಬಿಳಿ ಮತ್ತು ಬೂದು ಬಣ್ಣಗಳನ್ನು ಮಾತ್ರ. ಅತಿಯಾದ ಕೆಂಪು, ಹಸಿರನ್ನು ಹದಕ್ಕೆ ತರುವುದು ಕೊನೆಯಲ್ಲಿ ತಯಾರಾಗುವ ಐಸಿಸಿ ಪ್ರೊಫೈಲ್ (ಈ ಮಾನಿಟರ್ ಬಣ್ಣ ಹೇಗೆ ತೋರಿಸುತ್ತದೆ ಅಂತ ಹೇಳುವ ಫೈಲು), ಅದನ್ನು ಓದುವ ಪ್ರೋಗ್ರಾಮ್‌ಗಳಲ್ಲಿ ಮಾತ್ರ. ಫೋಟೋಶಾಪ್ ಓದುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅಬೌಟ್ ಕಾನ್ಫಿಗ್ (about:config) ಅನ್ನುವ ಸೆಟ್ಟಿಂಗ್ ಪುಟ ತೆರೆದು ಕಲರ್ ಮ್ಯಾನೇಜ್‌ಮೆಂಟ್ ಮೋಡ್ 2 ಇರುವುದನ್ನು 1 ಮಾಡಿ, ಆಗ ತಮ್ಮೊಳಗೆ ಬಣ್ಣದ ಪ್ರೊಫೈಲ್ ಇಲ್ಲದ ಚಿತ್ರಗಳೂ ಸರಿಯಾಗುತ್ತವೆ. ಪ್ರೊಫೈಲ್ ಓದದ ಪ್ರೋಗ್ರಾಮ್ ಬಳಸಲೇಬೇಕಾದರೆ ಮಾನಿಟರನ್ನೇ ಎಸ್‌ಆರ್‌ಜಿಬಿ ಮೋಡ್‌ಗೆ ಹಾಕಿ. ಆದರೆ ಈಗ ಮಾಡಿದ ಪ್ರೊಫೈಲ್ ಕಸ್ಟಮ್ ಮೋಡ್‌ನದ್ದು, ಎಸ್‌ಆರ್‌ಜಿಬಿ ಮೋಡ್‌ಗೆ ಬೇರೆ ಪ್ರೊಫೈಲ್ ಮಾಡಿಟ್ಟುಕೊಂಡು ಮೋಡ್ ಬದಲಿಸಿದಾಗಲೆಲ್ಲ ಅದನ್ನೂ ಬದಲಿಸಿ.