ಮೆಣಸಿನ ಅಗಿಗೆ ಪುಂಡಿನಾರಿನ ಕಪ್: ನಾ ಮಾಡೋ ರೀತಿ

ಬಯೋಡಿಗ್ರೇಡೆಬಲ್ ಕಾಂಪೋಸಿಟ್, ಅಂದ್ರ ನಾರು ಅಂಟು ಕೂಡಿಸಿ ಮಾಡಿದ, ತಾನ ಕೊಳಿಯೋ ವಸ್ತು, ಅಂದ ಕೂಡ್ಲೇ ಎಲ್ಲಾರೂ ಕೇಳೋದು ಎಷ್ಟು ಗಟ್ಟಿ ಐತಿ ಅಂತ. ನಾ ಹೇಳೋದು, ಅದನ್ನ ಆಮ್ಯಾಲೆ ಕೇಳ್ರಿ, ನೀರು ತಾಗಿದ್ರ ಎಷ್ಟು ದಿನ ತಡೀತೈತಿ ಅನ್ನೋದನ್ನ ಮೊದಲು ನೋಡ್ರಿ. ಹುಬ್ಬಳ್ಳಿಯೊಳಗ ನಂದೊಂದು ಸಣ್ಣ ವರ್ಕ್‌ಶಾಪ್ ಐತಿ, ಮಾಡೋದು ಮೆಣಸಿನ ಅಗಿ (ಸಸಿ) ಬೆಳೆಸೋ ಕಪ್. ಅಗಿ ನರ್ಸರಿಯಾಗ 35-45 ದಿನ ಇರ್ತೈತಿ, ಅಲ್ಲೀತನಕ ದಿನಾ ನೀರು ಹೊಡದ್ರೂ ಕಪ್ ಬಿಚ್ಚಬಾರದು, ಹೊಲದಾಗ ಕಪ್ ಸಮೇತ ಹಚ್ಚಿದ ಮ್ಯಾಲ ಮಾತ್ರ ಬೇರಿಗೆ ದಾರಿ ಬಿಟ್ಟು ಮೆತ್ತಗಾಗಿ ಕೊಳೀಬೇಕು.

ಪಿಎಲ್‌ಎ ಅನ್ನೋ ಬಯೋಪ್ಲಾಸ್ಟಿಕ್ ಯಾಕ ಬ್ಯಾಡ ಅಂದ್ರ, ಅದೂ ಪಿಷ್ಟದಿಂದ ಹುಟ್ಟಿದ್ದ ಖರೆ, ಆದ್ರ ಅದು ಲಗೂನ ಕೊಳಿಯೋದು 58 ಡಿಗ್ರಿ ಆಸುಪಾಸು ಕಾಯ್ದ ದೊಡ್ಡ ಕಾಂಪೋಸ್ಟ್ ಘಟಕದಾಗ. ನಮ್ಮ ಎರಿ ಹೊಲ ಅಷ್ಟು ಕಾಯೂದಿಲ್ಲ, ಹಂಗ ಬಿದ್ದಿರ್ತೈತಿ. ಹಂಗಾಗಿ ಗೋವಿನಜೋಳದ ಸ್ಟಾರ್ಚ್ (ಪಿಷ್ಟ) ಹಿಡದೆ, ಹಾವೇರಿ ರಾಣೇಬೆನ್ನೂರ ಕಡೆ ಆ ಬೆಳಿಗೇನು ಬರ ಇಲ್ಲ.

ನಾರು ಪುಂಡಿದು. ಹಿಂದಕ ಹೊಲದ ಅಂಚಿಗೆ ಹಾಕಿ, ದಂಟು ನೀರಾಗ ಕೊಳಿಹಾಕಿ, ನಾರು ಸುಲದು ಹಗ್ಗ ಹೊಸೀತಿದ್ರು, ಈಗ ಎಲ್ಲಾ ನೈಲಾನ್, ಹಿಂಗಾಗಿ ಮೊದಲ ಹೇಳಿ ಬೆಳೆಸ್ಬೇಕು. ನಾರನ್ನ ಅರ್ಧ ಸೆಂಟಿಮೀಟರ್ ಕತ್ತರಿಸಿ 5% ಕಾಸ್ಟಿಕ್ ಸೋಡಾದಾಗ, ಅಂದ್ರ ಲೀಟರಿಗೆ 50 ಗ್ರಾಂ, ನೆನಸ್ತೀನಿ. ಸೋಡಾನ ನೀರಿಗೆ ಹಾಕ್ರಿ, ಸೋಡಾದ ಮ್ಯಾಲ ನೀರು ಸುರೀಬ್ಯಾಡ್ರಿ, ಕೈಗೆ ಗ್ಲೌಸ್ ಬೇಕ ಬೇಕು, ಅಲ್ಯುಮಿನಿಯಂ ಪಾತ್ರಿ ಅಂತೂ ಮುಟ್ಟಬ್ಯಾಡ್ರಿ, ಅದನ್ನ ತಿಂದು ಹೈಡ್ರೋಜನ್ ಬಿಡ್ತೈತಿ. ಮೇಣ, ಪೆಕ್ಟಿನ್ ಅನ್ನೋ ಅಂಟು ಹೋಗಿ ನಾರು ತರತರಿ ಆಗ್ತೈತಿ, ಹಿಡಿತ ಬರ್ತೈತಿ. ಆದ್ರ ಇದನ್ನ ಅತಿ ಮಾಡೋರು ಭಾಳ ಮಂದಿ, ಸ್ಟಾರ್ಚ್, ನಾರಿನೊಳಗಿನ ಸೆಲ್ಯುಲೋಸ್ ಎರಡೂ ಗ್ಲೂಕೋಸಿನ ಸರಪಳಿನ, ತಾವ ಒಂದಕ್ಕೊಂದು ಹತ್ಕೋತಾವ, ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ಜೋಡಿ ಮಾಡ್ದಂಗ ಒದ್ದಾಡೂದು ಬ್ಯಾಡ. ಹೆಚ್ಚು ನೆನಸಿದ್ರ ನಾರ ಸೋಲ್ತೈತಿ. ಆಮ್ಯಾಲೆ ತೊಳದು, ಕಡೀಕ ಚೂರು ವಿನೆಗರ್ ನೀರಾಗ ಅದ್ದಿ ಒಣಗಸ್ತೀನಿ.

100 ಪಾಲು ಸ್ಟಾರ್ಚಿಗೆ 30 ಪಾಲು ಗ್ಲಿಸರಿನ್, ನೀರು ಹಾಕಿ ಸಣ್ಣ ಉರಿಯಾಗ ತಿರುವಿದ್ರ 70 ಡಿಗ್ರಿ ಹೊತ್ತಿಗೆ ಅಂಬಲಿ ಆದಂಗ ಗಟ್ಟಿ ಆಗ್ತೈತಿ. ನಾರು ಕಲಸಿ, ಅರ್ಧ ಒಣಗಿಸಿ, 130 ಡಿಗ್ರಿ ಅಚ್ಚಿನಾಗ ಒತ್ತೋದು. ಅಚ್ಚು ನಡುವ ಒಂದೆರಡು ಸಲ ತುಸು ಬಿಚ್ಚಿ ಉಗಿ ಬಿಡ್ರಿ, ಇಲ್ಲಾಂದ್ರ ಕಪ್ಪಿನ ಮೈಮ್ಯಾಲ ಗುಳ್ಳಿ ಏಳ್ತಾವ. 200 ದಾಟಿದ್ರ ನಾರು ಸೀದು ಹೋಗ್ತೈತಿ.

ಹಿಂಗ ಮಾಡಿದ ಬರೇ ಕಪ್ ಧಾರವಾಡದ ಮಳಿಗಾಲದಾಗ ಗಾಳಿ ಪಸಿಗೇ ಮೆತ್ತಗಾಗ್ತೈತಿ, ಬ್ಯಾಸಗಿಯಾಗ ಟಕ್ ಅಂತ ಮುರೀತೈತಿ. ಅದಕ್ಕ ಹೊರಮೈಗೆ ಅಗಸಿ ಎಣ್ಣಿ ತೆಳ್ಳಗ ಸವರ್ತೀನಿ. ಅಗಸಿ ಎಣ್ಣಿ ಗಾಳಿಯೊಳಗಿನ ಆಕ್ಸಿಜನ್ ಹಿಡದು ತಾನ ಪೊರಿ ಕಟ್ತೈತಿ, ನೀರು ನಿಧಾನ ಇಳೀತೈತಿ. ದಪ್ಪ ಹಚ್ಚಿದ್ರ ಕಪ್ ಕೊಳಿಯೂದು ತಡ ಆಗಿ ಬೇರು ಒಳಗ ಸುತ್ಕೋತಾವ, ಎಲ್ಲಾ ಆಟ ಆ ಪೊರಿ ದಪ್ಪದಾಗ ಐತಿ, ಅದು ಕೈಗೆ ಕೂತಮ್ಯಾಲನ ಕಪ್ ಕೊಳಿಯೋ ಹೊತ್ತು ನಮ್ಮ ಮಾತು ಕೇಳೋದು. ಎಣ್ಣಿ ಒರೆಸಿದ ಅರಿಬಿ ಮುದ್ದಿ ಮಾಡಿ ಒಗೀಬ್ಯಾಡ್ರಿ, ತಾನ ಕಾಯ್ದು ಬೆಂಕಿ ಹತ್ತತೈತಿ, ಹರವಿ ಒಣಗಿಸ್ರಿ.

ಇನ್ನೊಂದು, ನಾರು ಕೊಳಿಯೋವಾಗ ಸೂಕ್ಷ್ಮಜೀವಿಗಳು ಮಣ್ಣಿನ ನೈಟ್ರೋಜನ್ ತಾವ ಎಳ್ಕೋತಾವ, ಅಗಿ ಹಳದಿ ಆಗ್ತೈತಿ, ರೋಗ ಅಂತ ರೈತರು ಔಷಧ ಹೊಡ್ಯಾಕ ಹತ್ತತಾರ. ಕಪ್ ತುಂಬೋ ಮಣ್ಣಿಗೆ ಬೇವಿನ ಹಿಂಡಿ ಸ್ವಲ್ಪ ಕಲಸ್ರಿ, ಸಾಕು.

ಸ್ಟಾಕ್ ಇಡೋದು ತಗಡಿನ ಡಬ್ಬಿಯಾಗ, ಯಾಕಂದ್ರ ಇಲಿಗೆ ಈ ಕಪ್ ಅಂದ್ರ ಊಟ.